ಅಮ್ಮನ ಮಣೆ, ಸಿಲೋನಿನ ಒಲೆ

ಸಿಲೋನಿಗೆ ಹೋಗಿ ಬಂದವರು ಬರಿಗೈಯಲ್ಲಿ ಬರುವುದಿಲ್ಲ. ಕೊಡೆ ತಂದವರುಂಟು, ಚಾಹುಡಿ ತಂದವರುಂಟು, ಬಣ್ಣದ ಬೆತ್ತದ ಬುಟ್ಟಿ ಹೊತ್ತು ತಂದವರನ್ನೂ ನಾನು ಕಂಡಿದ್ದೇನೆ. ನಾವು ತಂದದ್ದು ಒಲೆ. ಗಬ್ಬದ ಎಮ್ಮೆಯಷ್ಟು ಭಾರದ, ನಾಲ್ಕು ಕಾಲಿನ, ಮೂರು ಬಾಗಿಲಿನ ಕಬ್ಬಿಣದ ಒಲೆ. ಇವತ್ತಿಗೂ ದಾರಿಯಲ್ಲಿ ಸಿಕ್ಕಿದವರು ನನ್ನ ಆರೋಗ್ಯ ಕೇಳುವ ಮೊದಲು ಅದರ ಆರೋಗ್ಯ ಕೇಳುತ್ತಾರೆ. ಒಬ್ಬೊಬ್ಬರಿಗೂ ಮೊದಲಿಂದ ಹೇಳಿ ಬಾಯಿ ಬತ್ತಿಹೋಗಿದೆ. ಒಮ್ಮೆ ಬರೆದುಬಿಟ್ಟರೆ ಓದಿಕೊಳ್ಳಿ ಎಂದು ಕೈಗೆ ಕೊಡಬಹುದಲ್ಲ ಎಂದು ಕೂತಿದ್ದೇನೆ.

ಪುಂಜಾಲಕಟ್ಟೆ

ನಮ್ಮಲ್ಲಿ ಹೆಣ್ಣುಮಕ್ಕಳು ತಾಯಿಯ ಮನೆಯಲ್ಲೇ ಇರುವುದು ಪದ್ಧತಿ. ಹಾಗಾಗಿ ಮದುವೆಯಾಗಿ ಹನ್ನೆರಡು ವರ್ಷವಾದರೂ ಅಮ್ಮನ ಅಡುಗೆಮನೆಯಲ್ಲಿ ನಾನು ಎಳೆಯವಳೇ. ಮನೆಯ ಯಜಮಾನಿಕೆ ಅಮ್ಮನ ತಮ್ಮನದು, ಅಂದರೆ ನನ್ನ ಸೋದರಮಾವನದು. ಗದ್ದೆ, ಕಾಗದಪತ್ರ, ಬಂಟ್ವಾಳದ ಕಚೇರಿ, ಮೂಡುಬಿದಿರೆಯ ಸಂತೆ ಇವೆಲ್ಲ ಮಾವನಿಗೆ. ಒಲೆ ಅಮ್ಮನಿಗೆ. ಆ ಗಡಿಯನ್ನು ಇಬ್ಬರೂ ದಾಟಿದ್ದಿಲ್ಲ.

ಅಮ್ಮನ ಒಲೆ ನೆಲದ ಮೇಲಿನ ಮಣ್ಣಿನ ಒಲೆ. ಅದರ ಮುಂದೆ ಹಲಸಿನ ಮರದ ಒಂದು ಮಣೆ. ಮೂವತ್ತು ವರ್ಷ ಆ ಮಣೆಯ ಮೇಲೆ ಕಾಲು ಮಡಚಿ ಕೂತು ಅಮ್ಮ ಬೇಯಿಸಿದ್ದಾರೆ; ಮೂವತ್ತು ವರ್ಷ ಹೊಗೆ ಅವರ ಮುಖಕ್ಕೇ ಬಂದಿದೆ. ಕಣ್ಣು ಯಾವಾಗಲೂ ಕೆಂಪು. ಆಚೆ ಈಚೆ ಇದ್ದವರು ಅವರಿಗೆ ನೆರಳಿನ ಹಾಗೆ ಕಾಣುತ್ತಿದ್ದರು. ಒಂದು ಮಧ್ಯಾಹ್ನ ಪೋಸ್ಟಿನವ ಕಾಗದ ಕೊಡಲು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅಮ್ಮ ಅವನನ್ನು ಮಾವ ಎಂದು ತಿಳಿದರು.

"ಬಂದಿಯಾ? ಸಂತೆಯಿಂದ ಬೆಲ್ಲ ತಾ ಅಂತ ಎಷ್ಟು ಸಲ ಹೇಳಿದ್ದೇನೆ? ತಲೆಯಲ್ಲಿ ಎಂತ ಉಂಟು ನಿನಗೆ, ಹುಲ್ಲಾ?"

ಪೋಸ್ಟಿನವ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಮರುದಿನ ಕಾಗದದ ಚೀಲದಲ್ಲಿ ಎರಡು ಅಚ್ಚು ಬೆಲ್ಲ ತಂದು ಅಮ್ಮನ ಮುಂದಿಟ್ಟು ಹೋದ.

ನಾವು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಆಮೇಲೆ ಯಾರಿಗೂ ನಗು ಬರಲಿಲ್ಲ. ಬಂಟ್ವಾಳದ ಡಾಕ್ಟರು ಟಾರ್ಚು ಹಾಕಿ ನೋಡಿ, "ಒಂದೋ ಹೊಗೆ ಬಿಡಿ, ಇಲ್ಲ ಕಣ್ಣು ಬಿಡಿ" ಎಂದರು. ಅಮ್ಮ ದಾರಿಯುದ್ದಕ್ಕೂ ಅವರನ್ನು ಬೈದರು. "ಹೊಗೆಯಿಂದ ಕಣ್ಣು ಹೋಗುವುದಾದರೆ ಈ ಊರಿನ ಹೆಂಗಸರೆಲ್ಲ ಕುರುಡಿಯರಾಗ್ಬೇಕಿತ್ತು. ವಯಸ್ಸಾಯ್ತು, ಅಷ್ಟೆ."

ಅಡುಗೆ ನಾನು ಮಾಡುತ್ತೇನೆ ಎಂದೆ. ಅಮ್ಮ ನನ್ನನ್ನು ನೋಡಿದ ರೀತಿ ನೋಡಿ ಮತ್ತೆ ಅನ್ನಲಿಲ್ಲ. ಹಾಗಾದರೆ ಒಲೆಯನ್ನೇ ಬದಲಿಸುವ ಎಂದು ಹೊರಟೆವು. ಗ್ರಾಮಸೇವಕರು ಪಕ್ಕದ ಮನೆಯಲ್ಲಿ ಹೊಗೆಯಿಲ್ಲದ ಮಣ್ಣಿನ ಒಲೆ ಕಟ್ಟಿಸಿದ್ದರು. ಅಮ್ಮ ಹೋಗಿ ನೋಡಿ ಬಂದು, "ಹೊಗೆ ಉಂಟು. ಪಕ್ಕದ ಕೋಣೆಗೆ ಹೋಗ್ತದೆ" ಎಂದರು. ಮರದ ಹುಡಿ ತುಂಬಿಸುವ ತಗಡಿನ ಒಲೆಯನ್ನು ಮಾವ ತಂದರು. ಅದನ್ನು ಅಮ್ಮ ಕೋಳಿಮರಿಗಳ ಮೇಲೆ ಕವುಚಿ ಹಾಕಿದರು.

ಆ ಹೊತ್ತಿಗೆ ಕೊಲಂಬೊದಿಂದ ನನ್ನ ತಮ್ಮ ಸಂಜೀವನ ಕಾಗದ ಬಂತು. ಅವನಿಗೆ ಅಲ್ಲಿ ಊಟದ ಹೋಟೆಲು. ಚಾತೋಟದ ದೊರೆಗಳು ಒಬ್ಬೊಬ್ಬರಾಗಿ ತಮ್ಮ ದೇಶಕ್ಕೆ ಹೊರಟಿದ್ದಾರೆ, ಬಂಗಲೆಯ ಸಾಮಾನು ಬಿಟ್ಟು ಹೋಗುತ್ತಾರೆ, ಅವರ ಕಬ್ಬಿಣದ ಒಲೆಗೆ ಕಟ್ಟಿಗೆಯೇ ಆದರೂ ಹೊಗೆಯೆಲ್ಲ ಕೊಳವೆಯಲ್ಲಿ ಮೇಲೆ ಹೋಗುತ್ತದೆ, ಒಂದನ್ನು ಕಳಿಸಲೇ ಎಂದು ಬರೆದಿದ್ದ.

ಅಮ್ಮ ಓದಿಸಿ ಕೇಳಿದರು. "ಕಳಿಸುವುದಾ? ಒಲೆಯನ್ನು ನೋಡದೆ ತೆಗೆದುಕೊಳ್ಳುವುದುಂಟಾ? ನಾನೇ ಹೋಗ್ತೇನೆ."

ನೇತ್ರಾವತಿಯ ಸೇತುವೆ ದಾಟಿದ್ದೇ ಮೂರು ಸಲ. ಆ ಅಮ್ಮ ಸಮುದ್ರ ದಾಟುತ್ತೇನೆ ಎಂದರು!

ರೈಲು

ಹೊರಡುವ ದಿನ ಅಮ್ಮನ ಗಂಟಿನಲ್ಲಿ ಇದ್ದದ್ದು ಇಷ್ಟು: ನಾಲ್ಕು ಸೀರೆ, ಒಂದು ಭರಣಿ ಮಿಡಿ ಉಪ್ಪಿನಕಾಯಿ, ಒಂದು ಮಣ್ಣಿನ ಅಳಗೆ, ಅದರ ಹೊಟ್ಟೆ ತುಂಬ ಕುಚ್ಚಲಕ್ಕಿ, ಮತ್ತೆ ಆ ಹಲಸಿನ ಮಣೆ.

"ಮಣೆ ಯಾಕೆ ಅಮ್ಮ?"

"ಕಂಡವರ ನೆಲದಲ್ಲಿ ನಾನು ಕೂತುಕೊಳ್ಳುವುದಿಲ್ಲ."

ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿ ಮಾವನಿಗೆ ಒಪ್ಪಿಸಿದರು. ಮೂವತ್ತು ವರ್ಷ ಆ ಬೆಂಕಿ ಆರಿದ್ದಿಲ್ಲ. "ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೆದಕಿ ತೆಂಗಿನ ಗೆರಟೆ ಹಾಕು. ಮರೆಯಬೇಡ." ಮಾವ ದೇವರ ದೀಪ ಒಪ್ಪಿಸಿಕೊಂಡವರ ಹಾಗೆ ಕೈಮುಗಿದರು. ಮಂಗಳೂರಿನ ತನಕ ಬಂದು ನಮ್ಮಿಬ್ಬರನ್ನು ರೈಲು ಹತ್ತಿಸಿದರು.

ರೈಲಿನ ಬೆಂಚನ್ನು ಅಮ್ಮ ಒಮ್ಮೆ ತಟ್ಟಿ ನೋಡಿದರು. ಮಣೆಯನ್ನು ಬೆಂಚಿನ ಮೇಲಿಟ್ಟು, ಅದರ ಮೇಲೆ ಕಾಲು ಮಡಚಿ ಕೂತರು. ಉಳಿದವರೆಲ್ಲರಿಗಿಂತ ಅವರ ತಲೆ ಗೇಣುದ್ದ ಎತ್ತರ. ಅಲ್ಲಿಂದ ಶೊರನೂರಿನ ವರೆಗೆ ಡಬ್ಬಿಯ ಆಡಳಿತ ಅವರದೇ. ಕಿಟಕಿ ತೆರೆಯುವುದು ಯಾರು, ಮುಚ್ಚುವುದು ಯಾರು, ಅಳುವ ಮಗುವನ್ನು ಯಾರಿಗೆ ಕೊಡಬೇಕು ಎಲ್ಲ ಅಪ್ಪಣೆ ತುಳುವಿನಲ್ಲಿ. ಮಲಯಾಳದವರು ಚಾಚೂ ತಪ್ಪದೆ ಪಾಲಿಸಿದರು.

ಮಾರ್ಗದ ಮನೆಗಳ ಹಂಚಿನ ಮಾಡು ನಮ್ಮದರ ಹಾಗೆಯೇ ಇತ್ತು. ಪೊದನೂರು ದಾಟಿದ ಮೇಲೆ ಮಾಡು ತಗ್ಗಿ, ಮರ ಕಡಿಮೆಯಾಗಿ, ಕೊನೆಗೆ ಬಯಲೇ ಬಯಲು. "ಈ ಊರಿನವರು ಒಲೆಗೆ ಎಂತ ಹಾಕ್ತಾರೆ?" ಎಂದು ಅಮ್ಮ ಕೇಳಿದರು. ಎದುರು ಕೂತ ಮುದುಕಿ ಕೈಯಲ್ಲೇ ಬೆರಣಿ ತಟ್ಟಿ ತೋರಿಸಿದಳು. ಇಬ್ಬರ ಭಾಷೆಗೂ ಒಂದು ಶಬ್ದವೂ ಸಮಾನವಿರಲಿಲ್ಲ. ತಿರುಚ್ಚಿ ಬರುವ ತನಕ ಕಟ್ಟಿಗೆಯ ಬಗ್ಗೆ ಮಾತಾಡಿದರು.

ಮಂಡಪಂನಲ್ಲಿ ನಾಲ್ಕು ದಿನ

ಹಡಗು ಹತ್ತುವ ಮೊದಲು ಮಂಡಪಂ ಎಂಬಲ್ಲಿ ಡಾಕ್ಟರು ನಾಲಿಗೆ, ತೋಳು, ಕಣ್ಣು ಎಲ್ಲ ನೋಡುತ್ತಾರೆ. ರೋಗ ಇದ್ದವರನ್ನು ದ್ವೀಪಕ್ಕೆ ಬಿಡುವುದಿಲ್ಲ. ಡಾಕ್ಟರು ಅಮ್ಮನ ರೆಪ್ಪೆ ಎತ್ತಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಅಂಟುವ ಕಣ್ಣುಬೇನೆ ಇರಬಹುದು, ನಾಲ್ಕು ದಿನ ಇಲ್ಲೇ ಇರಲಿ, ಕೆಂಪು ಇಳಿಯದಿದ್ದರೆ ವಾಪಸು ಎಂದರು. ಶಾಲೆಯಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಒಟ್ಟು ಹಾಕಿ ಇದು ಒಲೆಯ ಹೊಗೆಯಿಂದ ಎಂದು ವಿವರಿಸಿದೆ. ಅವರು ಒಳ್ಳೆಯವರು, ಪೂರ್ತಿ ಕೇಳಿಸಿಕೊಂಡು ಪುನಃ ನಾಲ್ಕು ದಿನ ಎಂದರು.

ಮೊದಲನೆಯ ದಿನ ಅಮ್ಮ ಮಣೆ ಹಾಕಿ ಕೂತು ಬಂದವರನ್ನೆಲ್ಲ ದಿಟ್ಟಿಸಿದರು. ಎರಡನೆಯ ದಿನ ಬೆಳಿಗ್ಗೆ ಮಣೆಯೂ ಇಲ್ಲ, ಅಮ್ಮನೂ ಇಲ್ಲ. ಹುಡುಕಿ ಹುಡುಕಿ ಸುಸ್ತಾಗಿ ಅಡುಗೆಯ ಕೊಟ್ಟಿಗೆಗೆ ಹೋಗಿ ನೋಡಿದರೆ, ಮನುಷ್ಯ ಇಳಿದು ಸ್ನಾನ ಮಾಡಬಹುದಾದಷ್ಟು ದೊಡ್ಡ ಹಂಡೆಗಳ ನಡುವೆ, ದಟ್ಟ ಹೊಗೆಯೊಳಗೆ ಕೂತು ಅಡುಗೆಯವನಿಗೆ ಪಾಠ ಹೇಳುತ್ತಿದ್ದಾರೆ.

"ಅಮ್ಮಾ! ಎಂತ ಮಾಡ್ತಾ ಇದ್ದೀರಿ?"

"ಇವನು ಕಟ್ಟಿಗೆ ಒಟ್ಟುವುದು ನೋಡು ಮಾರಾಯ್ತಿ. ಬೆಂಕಿಗೆ ಉಸಿರಾಡಲು ಜಾಗವೇ ಇಲ್ಲ."

ಆ ಮಾತನ್ನು ನೆನಪಿಟ್ಟುಕೊಳ್ಳಿ. ಅದನ್ನು ಅಮ್ಮನೂ ನಾನೂ ಆಮೇಲೆ ಮರೆತೆವು.

ಹೊರಗೆ ಎಳೆದು ತಂದಾಗ ಕಣ್ಣು ಕೆಂಪು ಹರಿವೆಯ ದಂಟಿನ ಹಾಗೆ. ಇನ್ನು ಎರಡೇ ದಿನ. ನಾನು ಅಳುವುದೊಂದು ಬಾಕಿ. ಮೂರನೆಯ ದಿನ ಅವರನ್ನು ಸಮುದ್ರದ ದಂಡೆಗೆ ಕರೆದುಕೊಂಡು ಹೋಗಿ, ಮೊಮ್ಮಕ್ಕಳಿಗೆ ಚಿಪ್ಪು ಹೆಕ್ಕುವ ಎಂದು ಕೂರಿಸಿದೆ. ಅಡುಗೆಯ ಕೊಟ್ಟಿಗೆಯ ಕಡೆಗೆ ಅವರು ತಿರುಗಿದಾಗೆಲ್ಲ "ಅಲ್ಲಿ ನೋಡಿ, ಇನ್ನೊಂದು ಚಿಪ್ಪು" ಎಂದು ಓಡಿಸಿದೆ. ಸೆರಗು ತುಂಬಿತು, ನನ್ನ ಸೆರಗೂ ತುಂಬಿತು.

ನಾಲ್ಕನೆಯ ದಿನ ಬೆಳಿಗ್ಗೆ ಅಮ್ಮ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು.

"ಲೀಲಾ, ನಿನ್ನ ಮೂಗುತಿಯ ಒಂದು ಕಲ್ಲು ಬಿದ್ದಿದೆಯಲ್ಲ?"

ಅದು ಬಿದ್ದು ಎರಡು ವರ್ಷ ಆಗಿತ್ತು. ಹೇಳಿದೆ.

ಅಮ್ಮ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಇನ್ನೊಮ್ಮೆ ನೋಡಿದರು. ಆಮೇಲೆ, "ಹಾಗಾದರೆ ಬಂಟ್ವಾಳದ ಡಾಕ್ಟರು ಹೇಳಿದ್ದು ಸುಳ್ಳಲ್ಲ" ಎಂದರು. ಅಷ್ಟೇ. ಡಾಕ್ಟರು ರೆಪ್ಪೆ ಎತ್ತಿ ನೋಡಿ, ತಲೆದೂಗಿ, ಕಾಗದಕ್ಕೆ ಮೊಹರು ಒತ್ತಿದರು. ಅಮ್ಮ ಅವರಿಗೆ ಒಂದು ಹಿಡಿ ಚಿಪ್ಪು ಕೊಟ್ಟರು.

ಕೊಲಂಬೊ

ಧನುಷ್ಕೋಡಿಯಿಂದ ಹಡಗಿನಲ್ಲಿ ಕೂತದ್ದೂ ಮಣೆಯ ಮೇಲೆಯೇ. ಹೊಟ್ಟೆ ತೊಳಸಿ ಎಲ್ಲರೂ ಮಲಗಿದರು, ನಾನೂ ಮಲಗಿದೆ. ಅಮ್ಮ ಮಾತ್ರ ಒಂದು ತುಂಡು ಮಿಡಿ ಬಾಯಲ್ಲಿಟ್ಟು ಸಮುದ್ರಕ್ಕೆ ಉಪ್ಪು ಹೆಚ್ಚಾಗಿದೆಯೋ ಎಂಬಂತೆ ನೋಡುತ್ತಿದ್ದರು.

ಆಚೆ ದಡದಲ್ಲಿ ಸಂಜೀವ ನಮಗಾಗಿ ನಾಲ್ಕು ದಿನ ಕಾದು, ಕರಿ ಇದ್ದಿಲಾಗಿದ್ದ. ಅಷ್ಟರಲ್ಲಿ ಬಂದರಿನವರೆಲ್ಲ ಅವನ ಸ್ನೇಹಿತರು. ನಾವು ಇಳಿಯುತ್ತಿದ್ದ ಹಾಗೆ ಗುರುತಿಲ್ಲದ ಹತ್ತು ಜನ ಅಮ್ಮನ ಹತ್ತಿರ ಬಂದು ಬಾಯಿ ತುಂಬ ನಕ್ಕರು. ಒಲೆ ಕೊಳ್ಳಲು ಬರುವ ತಾಯಿ ಇವರೇ ಎಂದು ಅವರಿಗೆಲ್ಲ ಗೊತ್ತು.

ಸಿಲೋನಿನವರ ನಗುವಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಗುರುತಿಲ್ಲದವರು ಎದುರಾದರೆ ಮೊದಲು ಯಾವ ಮನೆಯವರು ಎಂದು ವಿಚಾರಿಸಿ, ಆಮೇಲೆ ನಗುವುದೋ ಬೇಡವೋ ನಿಶ್ಚಯಿಸುತ್ತೇವೆ. ಅಲ್ಲಿ ಮೊದಲು ನಗುತ್ತಾರೆ. ವಿಚಾರಿಸುವುದೇ ಇಲ್ಲ. ಅಮ್ಮನಿಗೆ ಇದು ದೊಡ್ಡ ಸಂಕಟವಾಯಿತು. "ನನಗೆ ಇವರ ಗುರುತು ಮರೆತಿದೆಯೋ ಏನೋ" ಎಂದು ಪ್ರತಿಯೊಬ್ಬರಿಗೂ ಕ್ಷಮೆ ಕೇಳುವ ಮುಖ ಮಾಡಿದರು.

ಕೊಲಂಬೊ ಮುಟ್ಟಿ ಸಂಜೀವನ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಇನ್ನೊಂದು ಸಂಕಟ. ತೆಂಗಿನಕಾಯಿ, ಕುಚ್ಚಲಕ್ಕಿಯ ಅನ್ನ, ಮೀನು, ಶ್ಯಾವಿಗೆ. "ಇದೆಂತ ಪರದೇಶ? ಎಲ್ಲ ನಮ್ಮದೇ ಉಂಟಲ್ಲ. ಇದಕ್ಕಾ ಅಷ್ಟು ದೂರ ಬಂದದ್ದು?" ಆದರೆ ಚಹಾ ಬಂದಾಗ ಬಾಯಿ ಮುಚ್ಚಿತು. ಅಲ್ಲಿಯವರು ಚಹಾಕ್ಕೆ ಸಕ್ಕರೆ ಹಾಕುವ ಬದಲು ಅಂಗೈಯಲ್ಲಿ ಒಂದು ತುಂಡು ಬೆಲ್ಲ ಇಟ್ಟುಕೊಂಡು, ಅದನ್ನು ಒಮ್ಮೆ ಕಚ್ಚುವುದು, ಚಹಾ ಒಂದು ಗುಟುಕು ಕುಡಿಯುವುದು. ಬೆಲ್ಲ ಬೈನೆ ಮರದ್ದು ಎಂದು ಸಂಜೀವ ಹೇಳಿದಾಗ ಅಮ್ಮ ಎದ್ದೇ ನಿಂತರು.

"ಬೈನೆಯದ್ದಾ? ನಮ್ಮಲ್ಲಿ ಗುಡ್ಡೆ ತುಂಬ ಬೈನೆ ಉಂಟು. ಎಲ್ಲದರ ಕಳ್ಳು ಇಳಿಸಿ ಕುಡಿದು ಮಲಗ್ತಾರೆ. ಇವರು ಬೆಲ್ಲ ಮಾಡ್ತಾರೆ! ನೋಡಿ ಕಲಿಯಲಿ ನಮ್ಮವರು."

ಆ ದಿನ ಅವರು ಏಳು ಲೋಟ ಚಹಾ ಕುಡಿದರು. ಚಹಾಕ್ಕಾಗಿ ಅಲ್ಲ.

ಹಟ್ಟನ್

ಒಲೆ ಇದ್ದದ್ದು ಬೆಟ್ಟದ ಮೇಲೆ, ಹಟ್ಟನ್ ಎಂಬ ಊರಿನ ಆಚೆಯ ಚಾತೋಟದಲ್ಲಿ. ಅಲ್ಲಿ ಚಳಿ ಎಷ್ಟೆಂದರೆ ಅಮ್ಮ ನಾಲ್ಕು ಸೀರೆಯನ್ನೂ ಒಟ್ಟಿಗೆ ಸುತ್ತಿಕೊಂಡು ಬೈಹುಲ್ಲು ಸುತ್ತಿ ಕಟ್ಟಿದ ಒಂದು ಮುಡಿ ಅಕ್ಕಿಯ ಹಾಗೆ ಕಂಡರು. ಬಂಗಲೆಯ ದೊರೆಸಾನಿ ಹಣ್ಣು ಹಣ್ಣು ಮುದುಕಿ, ಕೋಲಿನಂತೆ ಉದ್ದ. ಜಗಲಿಯಲ್ಲಿ ಮೂರು ಒಲೆಗಳನ್ನು ತೋರಿಸಿದಳು.

ಮೊದಲನೆಯದು ದನದ ಹಟ್ಟಿಯಲ್ಲಿ ಕಟ್ಟಬೇಕಾದಷ್ಟು ದೊಡ್ಡದು. ಇದನ್ನು ಒಳಗಿಟ್ಟರೆ ನಾವು ಹೊರಗೆ ಎಂದರು ಅಮ್ಮ. ಎರಡನೆಯದು ಗುಂಡಗೆ, ಚೆಂದದ್ದು, ಕೋಣೆ ಬೆಚ್ಚಗಿಡಲು ಮಾತ್ರ. "ಅಡುಗೆ ಮಾಡದ ಒಲೆಗೆ ಯಾಕೆ ಕಟ್ಟಿಗೆ ತಿನ್ನಿಸುವುದು?" ಮೂರನೆಯದು ನಡುವಿನದು. ಪಾತ್ರೆ ಇಡಲು ಎರಡು ಕಣ್ಣು, ರೊಟ್ಟಿ ಸುಡಲು ಒಂದು ಗೂಡು, ಹಿಂದಿನಿಂದ ಮೇಲಕ್ಕೆ ಒಂದು ಕೊಳವೆ. ಮುಂದೆ ಕಟ್ಟಿಗೆ ಹಾಕುವ ಬಾಗಿಲು, ಅದರ ಕೆಳಗೆ ಬೂದಿ ಎಳೆಯುವ ಪುಟ್ಟ ಬಾಗಿಲು.

"ಬೆಂಕಿಯ ಮುಖಕ್ಕೆ ಬಾಗಿಲು ಹಾಕಿದರೆ ಅದು ಸಿಟ್ಟಲ್ಲಿ ಉಂಟಾ ಖುಷಿಯಲ್ಲಿ ಉಂಟಾ ಅಂತ ಗೊತ್ತಾಗುವುದು ಹೇಗೆ?" ಎಂದು ಅಮ್ಮ ಕೇಳಿದರು. ಬಂಗಲೆಯ ಅಡುಗೆಯವ ಪೆರುಮಾಳ್ ಬಾಗಿಲು ತೆರೆದಿಟ್ಟು ತೋರಿಸಿದ. ತೆರೆದೂ ಉರಿಸಬಹುದು.

"ಒಳ್ಳೆದು. ಗಂಜಿ ಬೇಯಿಸಿ ನೋಡುವ."

ಸಂಜೀವ ನಾಚಿಕೆಯಿಂದ ಹಿಡಿಯಷ್ಟಾದ. "ಅಮ್ಮ, ಇದು ದೊರೆಸಾನಿಯ ಮನೆ..."

"ದೊರೆಸಾನಿಗೆ ಹಸಿವೆ ಆಗುವುದಿಲ್ವಾ?"

ಗಂಟಿನಿಂದ ಅಳಗೆ ಹೊರಬಂತು. ಅಳಗೆಯ ಬುಡ ದುಂಡು, ಒಲೆಯ ತಲೆ ಚಪ್ಪಟೆ. ಇದಾಗದು ಎಂದುಕೊಂಡೆ. ಪೆರುಮಾಳ್ ಒಂದು ಕೊಕ್ಕೆ ತಂದು ಒಲೆಯ ಕಣ್ಣಿನ ಮೇಲಿದ್ದ ಕಬ್ಬಿಣದ ಬಳೆಗಳನ್ನು ಒಂದೊಂದಾಗಿ ಎತ್ತಿದ. ಸಣ್ಣ ಬಳೆ, ಅದರ ಸುತ್ತ ದೊಡ್ಡ ಬಳೆ, ಅದರ ಸುತ್ತ ಇನ್ನೂ ದೊಡ್ಡದು. ಮೂರು ಬಳೆ ತೆಗೆದಾಗ ಅಳಗೆಯ ಹೊಟ್ಟೆ ಸರಿಯಾಗಿ ಕೂತಿತು.

"ಒಲೆಗೂ ಬಳೆ ಉಂಟು!" ಅಮ್ಮನ ಸ್ವರ ಮದುಮಗಳನ್ನು ಕಂಡ ಹಾಗಿತ್ತು.

ಬೆಂಕಿ ಹತ್ತಿತು. ಹೊಗೆಯೆಲ್ಲ ಕೊಳವೆಯಲ್ಲಿ ಹೋಯಿತು. ಅಮ್ಮ ಮಣೆಯನ್ನು ಒಲೆಯ ಮುಂದಿಟ್ಟು ಕೂತರು. ಆಗ ಗೊತ್ತಾಯಿತು ಎಡವಟ್ಟು: ಅಳಗೆ ಅವರ ತಲೆಗಿಂತ ಮೇಲೆ ಇತ್ತು. ಕೈ ಎತ್ತಿ, ಸೌಟನ್ನು ಅಂದಾಜಿನಲ್ಲಿ ಆಡಿಸುತ್ತಾ, ಗಂಜಿ ಬೆಂದಿದೆಯೋ ಎಂದು ಆಕಾಶ ನೋಡುತ್ತಿದ್ದರು. ದೊರೆಸಾನಿ ಕುರ್ಚಿ ತರಿಸಿದಳು. ಅಮ್ಮ ಕೂತು ನೋಡಿ ಇಳಿದರು.

"ಕಾಲು ಇಳಿಬಿಟ್ಟುಕೊಂಡು ಅಡುಗೆ ಮಾಡುವುದಾ? ನಿಂತುಕೊಂಡು ಮಾಡುವುದಾ? ಇದು ಕೂತುಕೊಳ್ಳಲು ಪುರುಸೊತ್ತಿಲ್ಲದವರ ಒಲೆ. ನನಗೆ ಬೇಡ. ಹೋಗುವ."

ಇಷ್ಟು ದೂರ ಬಂದು! ಮೂಗುತಿಯ ಕಲ್ಲು ಬಿದ್ದದ್ದನ್ನು ಕಂಡ ಕಣ್ಣು ಇನ್ನು ಮನೆಗೆ ಹೋಗಿ ಅದೇ ಹೊಗೆಯಲ್ಲಿ ಕೂರಬೇಕಲ್ಲ. ಸಂಜೀವನಿಗೆ ಒಂದು ಉಪಾಯ ಹೊಳೆಯಿತು.

"ಅಮ್ಮ, ಊರಲ್ಲಿ ನೆಲದಲ್ಲಿ ಹೊಂಡ ತೆಗೆದು ಒಲೆಯನ್ನು ಇಳಿಸಿದರೆ ಆಯ್ತಲ್ಲ? ನೀವು ಮಣೆಯಲ್ಲಿ ಕೂತಾಗ ಕೈಗೆ ಸರಿ ಬರ್ತದೆ."

ಅಮ್ಮ ಯೋಚಿಸಿದರು. "ಅದು ಹೌದು." ನಾನು ತಮ್ಮನನ್ನು ತಬ್ಬಿಕೊಳ್ಳುವುದೊಂದು ಬಾಕಿ. ಪೆರುಮಾಳ್ ಏನೋ ಹೇಳಲು ಬಾಯಿ ತೆರೆದ. ಸಂಭ್ರಮದಲ್ಲಿ ಯಾರೂ ಕೇಳಲಿಲ್ಲ. ಅವನು ಬಾಯಿ ಮುಚ್ಚಿದ.

ದೊರೆಸಾನಿ ಪಿಂಗಾಣಿ ಬಟ್ಟಲಲ್ಲಿ ಗಂಜಿ ಉಂಡಳು. ಮಿಡಿ ಕಚ್ಚಿದಳು. ಕಣ್ಣಿಂದ ನೀರು ಧಾರೆಧಾರೆ.

"ಹೊಗೆಯಿಲ್ಲದ ಒಲೆ ಇದ್ದೂ ಪಾಪ, ಇವಳಿಗೂ ಕಣ್ಣಲ್ಲಿ ನೀರೇ" ಎಂದು ಅಮ್ಮ ಮರುಗಿದರು. ದೊರೆಸಾನಿ ಮೂಗೊರೆಸಿಕೊಂಡು ಇನ್ನೊಂದು ಮಿಡಿ ಕೇಳಿದಳು. ಭರಣಿಯನ್ನೇ ಕೊಟ್ಟು ಬಂದೆವು.

ಧನುಷ್ಕೋಡಿಯಲ್ಲಿ ತಿಜೋರಿ

ಒಲೆಗೆ ಗೋಣಿ ಸುತ್ತಿ, ಹಗ್ಗ ಬಿಗಿದು, ಕಾಲು ನಾಲ್ಕನ್ನೂ ಬಿಚ್ಚಿ ಹಡಗು ಹತ್ತಿಸಿದೆವು. ಧನುಷ್ಕೋಡಿಯಲ್ಲಿ ಸುಂಕದ ಅಧಿಕಾರಿ ಗೋಣಿಯ ಮೇಲೆ ಬೆರಳು ಬಾರಿಸಿದರು. ಟಣ್ ಎಂದಿತು.

"ತಿಜೋರಿಯೇ?"

"ಒಲೆ" ಎಂದೆ.

ಅವರು ನನ್ನನ್ನೂ ಅಮ್ಮನನ್ನೂ ನೋಡಿದರು. ಸಮುದ್ರ ದಾಟಿ ಒಲೆ ತಂದವರನ್ನು ಅವರು ಈ ತನಕ ಕಂಡಿರಲಿಲ್ಲವಂತೆ. ಗೋಣಿ ಬಿಚ್ಚಿಸಿ, ರೊಟ್ಟಿಯ ಗೂಡನ್ನು ತೋರಿಸಿ, "ತೆರೆಯಿರಿ" ಎಂದರು. ಬಾಗಿಲು ಉಪ್ಪುಗಾಳಿಗೆ ಕಚ್ಚಿಹೋಗಿತ್ತು. ನಾನು ಎಳೆದೆ, ಬರಲಿಲ್ಲ. ಕೂಲಿಯವರು ಎಳೆದರು, ಬರಲಿಲ್ಲ. ಬಾಗಿಲು ಬಾರದಷ್ಟೂ ಅಧಿಕಾರಿಯ ಅನುಮಾನ ಬಲಿಯಿತು. ರೈಲು ಹತ್ತುವವರೆಲ್ಲ ಸಾಮಾನು ಕೆಳಗಿಟ್ಟು ಸುತ್ತ ನಿಂತರು. ಚಿನ್ನ ಎಂದರು ಕೆಲವರು. ಗಡಿಯಾರ ಎಂದರು ಕೆಲವರು. ಕೊನೆಗೆ ಇಬ್ಬರು ಒಲೆಯನ್ನು ಹಿಡಿದು, ಇಬ್ಬರು ಬಾಗಿಲನ್ನು ಎಳೆದಾಗ ಅದು ಕಿರ್ರೆಂದು ತೆರೆದು ನಾಲ್ವರೂ ಮರಳಿನಲ್ಲಿ ಬಿದ್ದರು.

ಒಳಗೆ ಇದ್ದದ್ದು ಹಲಸಿನ ಮಣೆ. ಅದರ ಮೇಲೆ ಬೈನೆ ಬೆಲ್ಲದ ಒಂದು ಪೊಟ್ಟಣ.

"ಅಮ್ಮಾ! ಇದನ್ನು ಯಾಕೆ ಇದರೊಳಗೆ ಇಟ್ಟದ್ದು?"

"ಒಲೆಗೂ ಮಣೆಗೂ ಸ್ವಲ್ಪ ಪರಿಚಯ ಆಗಲಿ ಅಂತ."

ಅಧಿಕಾರಿ ಬೆಲ್ಲದ ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡು, ಪರೀಕ್ಷೆಗಾಗಿ ಎಂದು ಗಂಭೀರವಾಗಿ ಹೇಳಿ, ನಮ್ಮನ್ನು ಬಿಟ್ಟರು.

ಪುನಃ ಪುಂಜಾಲಕಟ್ಟೆ

ಮಂಗಳೂರಿನಿಂದ ಒಲೆ ಬಸ್ಸಿನ ತಲೆಯ ಮೇಲೆ ಬಂತು. ಮಾರ್ಗದಿಂದ ಮನೆಗೆ ಬಿದಿರು ಕಟ್ಟಿ ನಾಲ್ಕು ಜನ ಹೊತ್ತರು. ಮಾವ ಮುಂದೆ ಮುಂದೆ ಕೊಡೆ ಹಿಡಿದು ದಾರಿ ಬಿಡಿಸುತ್ತಾ ನಡೆದರು, ಹಿಂದೆ ಊರಿಗೆ ಊರೇ.

ಅಮ್ಮ ನೆಟ್ಟಗೆ ಅಡುಗೆಮನೆಗೆ ಹೋಗಿ ಹಳೆಯ ಒಲೆಯ ಬೂದಿಗೆ ಕೈ ಹಾಕಿದರು. ಎರಡು ಬೆರಳಲ್ಲಿ ಉಜ್ಜಿ ನೋಡಿದರು.

"ಬೆಂಕಿ ಆರಿದ್ದು ಯಾವಾಗ?"

ಮಾವ ಮಾಡಿನ ಹಂಚು ಎಣಿಸಿದರು. "ನೀವು ಹೋದ... ಎರಡನೇ ದಿನ ಅಕ್ಕ. ಆಮೇಲೆ ಬೆಂಕಿಪೆಟ್ಟಿಗೆ ಉಂಟಲ್ಲ ಅಂತ..."

ಬೈಗಳ ಮಳೆ ಬರುತ್ತದೆ ಎಂದು ನಾವೆಲ್ಲ ಒಂದೊಂದು ಕಂಬ ಹಿಡಿದೆವು. ಅಮ್ಮ, "ಹೋಗಲಿ, ಹೊಸ ಒಲೆಗೆ ಹೊಸ ಬೆಂಕಿ" ಎಂದುಬಿಟ್ಟರು. ಪರದೇಶ ಮನುಷ್ಯರನ್ನು ಬದಲಿಸುತ್ತದೆ ಎಂದು ನನಗೆ ಗೊತ್ತಾದದ್ದು ಆಗ.

ಮೂಡುಬಿದಿರೆಯಿಂದ ಬಾಬು ಮೇಸ್ತ್ರಿ ಬಂದ. ಅಮ್ಮನನ್ನು ಮಣೆಯ ಮೇಲೆ ಕೂರಿಸಿ, ಮೊಣಕೈಯ ಎತ್ತರವನ್ನು ಹಗ್ಗದಲ್ಲಿ ಅಳೆದು, ಮೂಡುದಿಕ್ಕಿಗೆ ಮುಖ ಬರುವಂತೆ ಹೊಂಡ ತೆಗೆಸಿದ. ಒಲೆ ತನ್ನ ಸೊಂಟದ ತನಕ ನೆಲದೊಳಗೆ ಇಳಿಯಿತು. ಸುತ್ತ ಮಣ್ಣು ಬಡಿದು, ಸೆಗಣಿ ಸಾರಿಸಿ, ಕೊಳವೆಯನ್ನು ಹಂಚಿನ ನಡುವಿನಿಂದ ಹೊರಗೆ ಬಿಟ್ಟಾಗ ಆ ಒಲೆ ನಮ್ಮ ಮನೆಯಲ್ಲೇ ಮೊಳೆತದ್ದು ಎನ್ನುವ ಹಾಗಿತ್ತು. ಅಮ್ಮ ಗೆರಟೆಯಲ್ಲಿ ಕೆಂಡ ತಂದು ಹಾಕಿದರು. ಊರಿನವರು ಕಿಟಕಿಯಲ್ಲಿ ಇಣುಕಿದರು.

ಹೊಗೆ ಬಂತು. ಎಲ್ಲಿಂದ ಅಂತ ಕೇಳಬೇಡಿ. ಒಲೆಯ ಕಣ್ಣಿಂದ, ಗೂಡಿನಿಂದ, ಬಳೆಗಳ ಸಂದಿನಿಂದ. ಕೊಳವೆಯಿಂದ ಮಾತ್ರ ಹೋಗಲಿಲ್ಲ. ಪಕ್ಕದ ಮನೆಯವರು ಕೊಡಪಾನದಲ್ಲಿ ನೀರು ಹಿಡಿದು ಓಡಿ ಬಂದರು.

ಕೊಳವೆ ಗಿಡ್ಡ ಎಂದರು ಮಾವ. ಬೆಳ್ತಂಗಡಿಯ ತಗಡಿನ ಕೆಲಸದವರಿಂದ ಇನ್ನೊಂದು ತುಂಡು ಮಾಡಿಸಿ ಸೇರಿಸಿದೆವು. ಹೊಗೆಯೇ. ಕಟ್ಟಿಗೆ ಹಸಿ ಎಂದ ಬಾಬು. ಒಣಗಿದ ಕೊತ್ತಳಿಗೆಯನ್ನು, ತೆಂಗಿನ ಗರಿಯ ದಂಟನ್ನು, ಹಾಕಿದೆವು. ಹೊಗೆಯೇ. ಮಾವ ತಲೆಯ ಅಡಕೆಹಾಳೆಯ ಮುಟ್ಟಾಳೆ ತೆಗೆದು ಗಾಳಿ ಹಾಕಿ ಹಾಕಿ ಮುಟ್ಟಾಳೆ ಹರಿಯಿತು. ಮೂರು ದಿನ ಹೀಗೆ. ಮೂರನೆಯ ಬೆಳಿಗ್ಗೆ ಅಮ್ಮನ ಕಣ್ಣು ಪುನಃ ಕೆಂಪು ಹರಿವೆ. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, "ಯಾರದು?" ಎಂದರು.

"ನಾನಮ್ಮ, ಲೀಲಾ" ಎಂದೆ.

"ಸಾಕು" ಎಂದರು ಅಮ್ಮ. "ಇದನ್ನು ಕೀಳಿ. ಹಟ್ಟಿಯಲ್ಲಿ ಇಡಿ. ಹಳೆ ಒಲೆಯಲ್ಲಿ ಬೇಯಿಸ್ತೇನೆ. ಕಣ್ಣು ಹೋದರೆ ಹೋಗಲಿ, ಕಣ್ಣು ಕಟ್ಟಿಕೊಂಡೇ ನಾನು ಅಡುಗೆ ಮಾಡ್ತೇನೆ."

ಒದ್ದೆ ಗೋಣಿ ಹಾಕಿ, ಹಗ್ಗ ಕಟ್ಟಿ, ನಾಲ್ಕು ಜನ ಒಲೆಯನ್ನು ನೆಟ್ಟಗೆ ಮೇಲಕ್ಕೆತ್ತಿದರು. ಒಳಗೆ ಬೆಳಗಿನ ಕೆಂಡ ಇನ್ನೂ ಇತ್ತು. ಕೊಳವೆ ಮಾಡಿನಾಚೆ ಎರಡು ಮೊಳ ಏರಿತು. ಬಾಬು ಹೊಂಡಕ್ಕೆ ಅಡ್ಡ ಹಲಗೆ ಹಾಕಿದ; ಕೈ ಸೋತ ನಾಲ್ವರೂ ಒಲೆಯನ್ನು ಅದರ ಮೇಲೆ ನಿಲ್ಲಿಸಿ ಉಸಿರು ಬಿಟ್ಟರು. ಹೊಂಡದ ಬದಿ ಕಟ್ಟಲು ತಂದಿದ್ದ ಮುರಕಲ್ಲುಗಳು ಅಲ್ಲೇ ರಾಶಿ ಬಿದ್ದಿದ್ದವು. ಅಮ್ಮ ಸಿಟ್ಟಿನಲ್ಲಿ ಮಣೆಯನ್ನು ಆ ರಾಶಿಯ ಮೇಲೆ ಕುಕ್ಕಿ, ಹತ್ತಿ, ಕಾಲು ಮಡಚಿ ಕೂತರು. ನಮ್ಮೆಲ್ಲರನ್ನೂ ಒಟ್ಟಿಗೆ ಬೈಯಬೇಕಾದರೆ ಎತ್ತರ ಬೇಕಲ್ಲ.

ಬಾಯಿ ತೆರೆದದ್ದೇ ತಡ, ಒಲೆಯೊಳಗೆ ಗುಂಯ್ ಎಂದಿತು.

ಮಣ್ಣಿನಲ್ಲಿ ಹೂತುಹೋ‌ಗಿದ್ದ ಬೂದಿಯ ಪುಟ್ಟ ಬಾಗಿಲು ಈಗ ಹೊರಗಿತ್ತು. ಕೆಳಗಿನಿಂದ ಗಾಳಿ ಒಳಗೆ ನುಗ್ಗಿ ಕೆಂಡ ಕೆಂಪಾಯಿತು, ಕೊತ್ತಳಿಗೆ ಧಗ್ಗೆಂದು ಹತ್ತಿತು. ಅಡುಗೆಮನೆಯ ಹೊಗೆ ಮೆಲ್ಲಮೆಲ್ಲ ತಿಳಿಯಾಯಿತು. ಬೆಂಕಿಗೆ ಉಸಿರಾಡಲು ಜಾಗ ಬೇಕೆಂದು ಮಂಡಪಂನಲ್ಲಿ ಪಾಠ ಹೇಳಿದವರು ನಾವು. ಒಲೆಯ ಮೂಗನ್ನೇ ಹೂತಿಟ್ಟವರೂ ನಾವು! ಪೆರುಮಾಳ್ ಯಾಕೆ ಬಾಯಿ ತೆರೆದಿದ್ದ ಎಂದು ಆಗ ತಿಳಿಯಿತು.

ಅದಕ್ಕಿಂತ ದೊಡ್ಡ ಆಶ್ಚರ್ಯ ಇನ್ನೊಂದು. ಕಲ್ಲಿನ ರಾಶಿಯ ಮೇಲೆ ಕೂತ ಅಮ್ಮನ ಮೊಣಕೈ, ಒಲೆಯ ತಲೆ, ಎರಡೂ ಒಂದೇ ಸಮ. ರೈಲಿನ ಬೆಂಚಿನ ಮೇಲೆ ಮಣೆ ಹಾಕಿ ಕೂತ ಹಾಗೆಯೇ ಕೂತಿದ್ದಾರೆ. ಅವರ ಬಲಗೈ ತಾನಾಗಿ ಸೌಟು ಹುಡುಕಿತು. ಬೈಗಳು ಬಾಯಲ್ಲೇ ಉಳಿಯಿತು.

"ಅಳಗೆ ತಾ" ಎಂದರು ನನಗೆ, ಮೆಲ್ಲಗೆ.

ಬಾಬು ಹಣೆ ಬಡಿದುಕೊಂಡ. "ಒಲೆಯನ್ನು ಇಳಿಸ್ಲಿಕ್ಕೆ ಮೂರು ದಿನ ಮಣ್ಣು ಹೊತ್ತೆವಲ್ಲ ಮಾರಾಯ್ರೆ. ಅಮ್ಮನನ್ನು ಹತ್ತಿಸಿದ್ದರೆ ಆಗ್ತಿತ್ತು."

ಹೊಂಡ ಮುಚ್ಚಿ, ಅದೇ ಮುರಕಲ್ಲಿನಲ್ಲಿ ಒಂದು ಕಟ್ಟೆ ಕಟ್ಟಿದ. ಹತ್ತಲು ಎರಡು ಮೆಟ್ಟಲು, ಮೇಲೆ ಕೆಂಪು ಕಾವಿಯ ನೆಲ. ಅದರ ಮೇಲೆ ಹಲಸಿನ ಮಣೆ, ಮಣೆಯ ಮೇಲೆ ಅಮ್ಮ. ಊರಿನ ಹೆಂಗಸರು ನೋಡಲು ಬಂದರೆ ಕೆಳಗೆ ನಿಂತು ತಲೆ ಎತ್ತಿ ಮಾತಾಡಬೇಕು.

ಆ ಎತ್ತರದಿಂದ ಆದ ಇನ್ನೊಂದು ಸಂಗತಿಯನ್ನು ನಾವು ಯಾರೂ ಲೆಕ್ಕ ಹಾಕಿರಲಿಲ್ಲ. ಮೂವತ್ತು ವರ್ಷ ಅಮ್ಮನ ತಲೆಯ ಮೇಲಿದ್ದ ಅಡುಗೆಮನೆಯ ಕಿಟಕಿ ಈಗ ಅವರ ಕಣ್ಣಿಗೆ ಸರಿಯಾಗಿ ಬಂತು. ಅದರಾಚೆ ನಮ್ಮ ಗದ್ದೆ, ಗದ್ದೆಯಾಚೆ ಮಾರ್ಗ, ಮಾರ್ಗದಲ್ಲಿ ಬಸ್ಸು ನಿಲ್ಲುವ ಜಾಗ.

ತಿಂಗಳು ಕಳೆದಿರಬೇಕು. ಒಂದು ದಿನ ಮಧ್ಯಾಹ್ನ ನಾನು ಕಾಯಿ ತುರಿಯುತ್ತಿದ್ದೆ. ಅಮ್ಮ ಸೌಟು ತಿರುಗಿಸುತ್ತಾ ಕಿಟಕಿಯ ಕಡೆಗೆ ನೋಡಿ ಹೇಳಿದರು, "ಮೂಡುಬಿದಿರೆಯ ಬಸ್ಸು ಬಂತು. ನಿನ್ನ ಮಾವ ಇಳಿದ. ಹೆಗಲಲ್ಲಿ ಬೆವರು ಒರೆಸುವ ಬೈರಾಸು ಇಲ್ಲ, ಸಂತೆಯಲ್ಲಿ ಬಿಟ್ಟು ಬಂದಿದ್ದಾನೆ. ಹಿಂದೆ ಇಳಿದದ್ದು ಪೋಸ್ಟಿನವ."

ನಾನು ಎದ್ದು ನೋಡಿದೆ. ಗದ್ದೆಯಾಚೆ ಎರಡು ಬಿಳಿ ಚುಕ್ಕೆ. ಯಾರು ಮಾವ, ಯಾರು ಪೋಸ್ಟಿನವ ನನಗೆ ತಿಳಿಯಲಿಲ್ಲ.

ಅಮ್ಮ ಇನ್ನೊಂದಿಷ್ಟು ಬಗ್ಗಿ ನೋಡಿದರು. ಮುಖ ಬಿಗಿಯಾಯಿತು. ಸೌಟನ್ನು ಅಳಗೆಯ ಮೇಲಿಟ್ಟು, ಕಿಟಕಿಯ ಸರಳು ಹಿಡಿದು, ಗದ್ದೆ ಇಡೀ ಕೇಳುವ ಹಾಗೆ ಕೂಗಿದರು:

"ಕೈ ಬೀಸಿಕೊಂಡು ಬರ್ತಾ ಇದ್ದೀಯಲ್ಲ, ಬೆಲ್ಲ ಎಲ್ಲಿ?"

ಮಾರ್ಗದಲ್ಲಿ ಎರಡೂ ಚುಕ್ಕೆಗಳು ಒಟ್ಟಿಗೆ ನಿಂತವು. ಒಂದು ಚುಕ್ಕೆ ತಲೆ ಎತ್ತಿ ಆಕಾಶ ನೋಡಿತು. ಇನ್ನೊಂದು, ಮೆಲ್ಲಗೆ, ಹೆಗಲ ಚೀಲದೊಳಗೆ ಕೈ ಹಾಕಿತು.

"ನಿನಗಲ್ಲ ಮಾರಾಯ!" ಎಂದರು ಅಮ್ಮ. "ನಿನ್ನನ್ನು ನಾನು ಕಂಡಿದ್ದೇನೆ."